ಖಂಡೇ ನವಮಿಯ ಸರ್ವರ್

ನನ್ನ ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಒಂದು ಪೆನ್ ಡ್ರೈವ್ ಸದಾ ಇರುತ್ತದೆ. ಲೋಕಲ್ ಗಾಡಿಯ ಹೆಂಗಸರ ಡಬ್ಬಿಯಲ್ಲಿ ಎದುರು ಕೂತವರು ಅದನ್ನು ತಾಯಿತವೆಂದು ತಿಳಿದು, ಯಾವ ದರ್ಗಾದ್ದು, ಯಾವುದಕ್ಕೆ ಕಟ್ಟಿದ್ದು ಎಂದು ಎಷ್ಟೋ ಸಲ ಕೇಳಿದ್ದಾರೆ. ನಾನು ಬಿಡಿಸಿ ಹೇಳಲು ಹೋಗುವುದಿಲ್ಲ. ಒಮ್ಮೆ ಮಾತ್ರ ನಮ್ಮ ಕಡೆಯ ಅಜ್ಜಿಯೊಬ್ಬರಿಗೆ "ಇದರೊಳಗ ಲಿನಕ್ಸ್ ಐತ್ರಿ" ಅಂದುಬಿಟ್ಟೆ. ಅವರು ಅದನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ತಮ್ಮ ಸ್ಟೇಷನ್ ಬಂದಾಗ ಇಳಿದುಹೋದರು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಲಿನಕ್ಸ್ ಎಂದರೆ ಕಂಪ್ಯೂಟರಿಗೆ ಎದ್ದು ಕೂರುವುದನ್ನೂ ಹೇಳಿದ ಮಾತು ಕೇಳುವುದನ್ನೂ ಕಲಿಸುವ ಮೂಲ ತಂತ್ರಾಂಶ. ಸರ್ವರ್ ಎಂದರೆ ಒಂದು ಆಫೀಸಿನ ಎಲ್ಲ ಕಂಪ್ಯೂಟರುಗಳ ಸಾಮಾನನ್ನು ಒಂದೇ ಕಡೆ ಇಟ್ಟುಕೊಂಡು, ಕೇಳಿದವರಿಗೆ ಕೇಳಿದ್ದನ್ನು ತೆಗೆದುಕೊಡುವ ದೊಡ್ಡ ಯಂತ್ರ. ಉಗ್ರಾಣ ಅನ್ನಿ. ಬಾಂದ್ರಾ, ಮಲಾಡ್ ಕಡೆಯ ದೊಡ್ಡ ಆಫೀಸುಗಳು ಇನ್ನೂ ದುಡಿಯಬಲ್ಲ ಸರ್ವರುಗಳನ್ನು ಹಳೆಯವಾದವೆಂದು ಹೊರಹಾಕುತ್ತವೆ. ನಾನು ಅವನ್ನು ಕುರ್ಲಾದ ನನ್ನ ಅಂಗಡಿಗೆ ತಂದು, ಧೂಳು ಹೊಡೆದು, ಲಿನಕ್ಸ್ ಹಾಕಿ, ಸಣ್ಣ ಕಾರ್ಖಾನೆಯವರಿಗೆ ಮಾರುತ್ತೇನೆ. ಲಿನಕ್ಸ್ ಪುಕ್ಕಟೆ. ಇದು ನನಗೆ ಬಹಳ ದಿನ ಸಂಕಟದ ವಿಷಯವಾಗಿತ್ತು. ಬೆಲೆಯೇ ಇಲ್ಲದ ವಸ್ತುವಿನ ಮುಂದೆ ಚೌಕಾಸಿಯವಳು ಏನು ಮಾಡಬೇಕು? ಗಿರಾಕಿಗಳಿಗೂ ಅನುಮಾನ. ಪುಕ್ಕಟೆ ಎಂದರೆ ಒಳಗೇನೋ ಕೊಳೆತಿರಬೇಕು ಎನ್ನುತ್ತಾರೆ. ಅದಕ್ಕೇ ಈಗ ನಾನು ಪುಕ್ಕಟೆ ಎನ್ನುವುದಿಲ್ಲ, "ಅದರ ಚಿಂತಿ ನನಗ ಬಿಡ್ರಿ" ಅನ್ನುತ್ತೇನೆ. ನೀವೂ ವ್ಯಾಪಾರಸ್ಥರಾಗಿದ್ದರೆ ಈ ಮಾತು ಇಟ್ಟುಕೊಳ್ಳಿ, ಕೆಲಸಕ್ಕೆ ಬರುತ್ತದೆ.

ಈ ಹಳೆಯದರ ವ್ಯಾಪಾರ ನನಗೆ ಬಂದದ್ದು ಅಮ್ಮನಿಂದ. ವಿಜಯಪುರದ ಕಡೆಯಿಂದ ಬಂದು ಕುರ್ಲಾದ ಚಾಳಿನಲ್ಲಿ ಇಳಿದ ಮೇಲೆ ಅಮ್ಮ ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಕೆಲಸ ಹಿಡಿದಳು. ಮುನಸಿಪಾಲ್ಟಿಯ ಕನ್ನಡ ಶಾಲೆಗೆ ರಜೆ ಇದ್ದಾಗ ನಾನು ಹಿಂದೆ ಹೋಗುತ್ತಿದ್ದೆ. ಅವಳ ತಲೆಯ ಮೇಲೆ ದೊಡ್ಡ ಬುಟ್ಟಿ, ನನ್ನ ತಲೆಯ ಮೇಲೆ ಚಮಚ, ವಾಟಿ ಬಟ್ಟಲುಗಳ ಸಣ್ಣ ಬುಟ್ಟಿ. ಬಿಲ್ಡಿಂಗಿನ ಹೆಂಗಸರು ಜಿನ್ನಿನ ಮೇಲೆ, ಅಂದರೆ ಮೆಟ್ಟಿಲ ಮೇಲೆ, ಸೀರೆಗಳನ್ನು ಹರವುತ್ತಿದ್ದರು. ಅಮ್ಮ ಸೀರೆಯನ್ನು ಬೆಳಕಿಗೆ ಹಿಡಿದು ಮಡಿಕೆಯ ಗುಂಟ ನೋಡುತ್ತಿದ್ದಳು. ಬಟ್ಟೆ ಸವೆಯುವುದು ಮಡಿಕೆಯಲ್ಲಿ. ನಡುವೆ ಎಷ್ಟು ಹೊಳೆದರೂ ಅದು ಲೆಕ್ಕಕ್ಕಿಲ್ಲ. ಆ ಕಡೆಯವರು ಮೊದಲ ಮಾತು ಹೇಳಿದ ಕೂಡಲೇ ಅವಳು ಹೌದು ಅನ್ನುತ್ತಿರಲಿಲ್ಲ, ಅಲ್ಲ ಎಂದೂ ಅನ್ನುತ್ತಿರಲಿಲ್ಲ. ಕೂತುಕೊಂಡು ಕುಡಿಯಲು ನೀರು ಕೇಳುತ್ತಿದ್ದಳು. ನೀರು ಬರುವಷ್ಟರಲ್ಲಿ ಆ ಕಡೆಯವರ ಮನಸ್ಸು ತಾನಾಗಿ ಸ್ವಲ್ಪ ಇಳಿದಿರುತ್ತಿತ್ತು.

ಲಿನಕ್ಸ್ ಹಾಕುವಾಗಲೂ ನಾನು ಮಾಡುವುದು ಅದನ್ನೇ. ಪರದೆಯ ಮೇಲೆ ಮೊದಲ ಪ್ರಶ್ನೆ ಬಂದ ಕೂಡಲೇ ಜನ ಪಟಪಟನೆ ಹೂಂ ಒತ್ತುತ್ತಾ ಹೋಗುತ್ತಾರೆ. ನಾನು ನೀರು ಕುಡಿಯುತ್ತೇನೆ. ಒಮ್ಮೆ ಅಭಿಮಾನಕ್ಕೆ ಬಿದ್ದು ಭಾಷೆಯ ಪಟ್ಟಿಯಲ್ಲಿ ಕನ್ನಡವನ್ನೇ ಆರಿಸಿದೆ. ಮುಂದೆ ಬಂದ ಪದಗಳು ನಮ್ಮ ಶಾಲೆಯ ಮಾಸ್ತರರಿಗೂ ಬೆವರು ತರಿಸುವಂಥವು. ಸುಮ್ಮನೆ ಹಿಂದೆ ಬಂದು ಇಂಗ್ಲಿಷ್ ಒತ್ತಿದೆ. ಆ ದಿನ ಅಂಗಡಿಯಲ್ಲಿ ಯಾರೂ ಇರಲಿಲ್ಲವೆಂಬುದು ಸಮಾಧಾನ. ಇನ್ನೊಂದು ಮಾತು. ಸರ್ವರನ್ನು ಮನೆಯಲ್ಲಿಟ್ಟು ಚಾಲೂ ಮಾಡಬೇಡಿ. ಅದರ ಫ್ಯಾನುಗಳು ಮೊದಲು ಎದ್ದಾಗ ವಿಮಾನ ಮೇಲೇರುವ ಸದ್ದು ಬರುತ್ತದೆ. ನಾನು ಹೊಸದರಲ್ಲಿ ಚಾಳಿನ ಖೋಲಿಯಲ್ಲಿ ಒಂದನ್ನು ಚಾಲೂ ಮಾಡಿ, ಪಕ್ಕದ ಮನೆಯ ಬಾಣಂತಿಯ ತಾಯಿಯಿಂದ ಅನ್ನಿಸಿಕೊಂಡದ್ದು ಇನ್ನೂ ಕಿವಿಯಲ್ಲಿದೆ.

ಹೇಳಲು ಹೊರಟದ್ದು ಸಾವಿತ್ರಿಯ ಸರ್ವರಿನ ವಿಷಯ. ಸಾವಿತ್ರಿ ಬಾಗಲಕೋಟೆ ಕಡೆಯವಳು, ಕುರ್ಲಾದಲ್ಲಿ ಕಂಪ್ಯೂಟರ್ ಎಂಬ್ರಾಯ್ಡರಿಯ ಗಾಲಾ ನಡೆಸುತ್ತಾಳೆ. ಗಾಲಾ ಎಂದರೆ ಇಲ್ಲಿ ಸಣ್ಣ ಕಾರ್ಖಾನೆಯ ಕೋಣೆ. ಅವಳ ಅತ್ತೆ ಕಾಶವ್ವ ಕಸೂತಿಯಲ್ಲಿ ಪಳಗಿದ ಕೈಯವರು. ಆನೆ, ನವಿಲು, ಗೋಪುರ, ತೊಟ್ಟಿಲು ಎಲ್ಲವನ್ನೂ ಎಳೆ ಲೆಕ್ಕ ಹಾಕಿ ಹಾಕುತ್ತಿದ್ದರು. ಸೊಸೆ ಮದುವೆಯಾಗಿ ಬಂದ ಮೇಲೆ ಅತ್ತೆ ಕಾಗದದ ಮೇಲೆ ಬರೆದುಕೊಟ್ಟ ಒಂದೊಂದು ನಮೂನೆಯನ್ನೂ ಮಷೀನಿಗೆ ತಿಳಿಯುವಂತೆ ಕಂಪ್ಯೂಟರಿಗೆ ಇಳಿಸಿದಳು. ಕಾಗದಗಳು ಒಂದು ಮಳೆಗಾಲದಲ್ಲಿ ಗಾಲಾಕ್ಕೆ ನೀರು ನುಗ್ಗಿದಾಗ ಹೋದವು. ಕಾಶವ್ವನ ಕೈ ಈಗ ನಡುಗುತ್ತದೆ, ಸೂಜಿಗೆ ದಾರ ಪೋಣಿಸುವುದೂ ಆಗುವುದಿಲ್ಲ. ಉಳಿದದ್ದೆಲ್ಲ ನಾನೇ ಹಿಂದೆ ಮಾರಿದ್ದ ಆ ಸರ್ವರಿನಲ್ಲಿತ್ತು. ಇನ್ನೊಂದು ಪ್ರತಿ ಇಟ್ಟಿರಲಿಲ್ಲವೇ ಎಂದು ಕೇಳಬೇಡಿ. ನಾನು ಹೇಳಿದ್ದೆ. ಎಲ್ಲರಿಗೂ ಹೇಳುತ್ತೇನೆ. ಎಲ್ಲರೂ ಹೂಂ ಅನ್ನುತ್ತಾರೆ.

ಆ ಸರ್ವರಿನ ಹಳೆಯ ತಂತ್ರಾಂಶ ಮುದಿಯಾಗಿತ್ತು. ಹೊಸ ಸಣ್ಣ ಡಿಸ್ಕೊಂದರ ಮೇಲೆ ಲಿನಕ್ಸ್ ಹಾಕಿಕೊಡುವುದೆಂದು ಮಾತಾಗಿತ್ತು. ದಸರಾ ಮುಗಿಯಲಿ ಎಂದಿದ್ದಳು. ದಸರಾ ಮುಗಿದು ಗಾಲಾ ತೆರೆದ ದಿನವೇ ಫೋನ್ ಬಂತು. ಮಷೀನ್ ಏಳುತ್ತಿಲ್ಲ, ಮಲಾಡಿನಿಂದ ಒಬ್ಬ ಇಂಜಿನಿಯರನನ್ನು ಕರೆಸಿದ್ದೆ, ನೋಡಿ ಹೋದ ಎಂದಳು.

"ಎಲ್ಲಾ ಕ್ಲಿಯರ್ ಮಾಡಿ ಫ್ರೆಶ್ ಹಾಕೂಣು ಅಂತಾನಕ್ಕ. ಒಳಗಿದ್ದದ್ದು ಹೋದಂಗ ಅಂತ."

"ನೀ ಏನಂದಿ?"

"ನೀವು ಬರೂತನಕ ಮುಟ್ಟಬ್ಯಾಡ ಅಂದೀನಿ."

ನಾನು ಹೋದಾಗ ಎಂಬ್ರಾಯ್ಡರಿ ಮಷೀನುಗಳೆಲ್ಲ ಸುಮ್ಮನೆ ನಿಂತಿದ್ದವು. ಕೆಲಸದ ಹೆಂಗಸರು ದಾರದ ಉಂಡೆಗಳನ್ನು ಮತ್ತೆ ಮತ್ತೆ ಜೋಡಿಸುತ್ತಾ ಕೂತಿದ್ದರು. ಬಾಂದ್ರಾದ ಒಂದು ಬುಟಿಕ್‌ನವಳು ಮದುವೆ ಸೀಸನ್ನಿಗೆ ಕಾಶವ್ವನ ಆನೆ ಹಾಕಿದ ಬ್ಲೌಸುಗಳನ್ನು ಹೇಳಿದ್ದಳು. ಆನೆ ಸಿಗದಿದ್ದರೆ ಅವಳು ಬೇರೆಯವರನ್ನು ಹುಡುಕುತ್ತಾಳೆ, ಅವಳು ಹೋದರೆ ಗಾಲಾ ನಡೆಯುವುದಿಲ್ಲ. ಇದನ್ನು ಸಾವಿತ್ರಿ ಅಳದೆ, ವರದಿ ಒಪ್ಪಿಸುವವಳಂತೆ ಹೇಳಿದಳು. ಕಾಶವ್ವ ಮೂಲೆಯ ಸ್ಟೂಲಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ಎಂದಿನಂತೆ "ಬಾರವ್ವಾ, ಚಾ ಕುಡಿ" ಅನ್ನಲಿಲ್ಲ.

ಸರ್ವರ್ ಚಾಲೂ ಮಾಡಿದೆ. ಫ್ಯಾನುಗಳು ಕೂಗಿದವು. ಪರದೆಯ ಮೇಲೆ ಒಂದು ಎಚ್ಚರಿಕೆ ಬಂದು ನಿಂತಿತು. ನಾಲ್ಕು ಡಿಸ್ಕುಗಳಿವೆ, ಆದರೆ ಇವು ನಾನು ಬಲ್ಲ ಕ್ರಮದಲ್ಲಿಲ್ಲ, ಅಪರಿಚಿತ. ಅಳಿಸಿ ಹೊಸದಾಗಿ ಆರಂಭಿಸಲೇ ಎಂಬುದು ಅದರ ಸಾರ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂಥ ಯಂತ್ರದಲ್ಲಿ ನಾಲ್ಕು ಡಿಸ್ಕುಗಳು ಒಂದರ ಮೇಲೊಂದು ನಾಲ್ಕು ಖಾನೆಗಳಲ್ಲಿರುತ್ತವೆ. ಒಂದು ಆನೆಯ ನಮೂನೆ ಒಂದೇ ಡಿಸ್ಕಿನಲ್ಲಿರುವುದಿಲ್ಲ, ಚೂರುಚೂರಾಗಿ ನಾಲ್ಕರಲ್ಲೂ ಹಂಚಿರುತ್ತದೆ. ಅವನ್ನು ಕೂಡಿಸುವ ಹಳೆಯ ಕಾರ್ಡು ಬಲು ಮೊಂಡ. ಯಾವ ಡಿಸ್ಕು ಯಾವ ಖಾನೆಯಲ್ಲಿತ್ತೋ ಅಲ್ಲೇ ಇರಬೇಕು. ಜಾಗ ತಪ್ಪಿದ್ದಾಗ ಹೂಂ ಅಂದರೆ, ತಾನೇ ಸರಿಮಾಡಲು ಹೋಗಿ ಇದ್ದದ್ದನ್ನೂ ಕೆಡಿಸಿಡುತ್ತದೆ. ಮಲಾಡಿನ ಹುಡುಗನದು ತಪ್ಪೇನಿಲ್ಲ, ಪುಸ್ತಕದಲ್ಲಿ ಇದ್ದದ್ದನ್ನೇ ಹೇಳಿದ್ದ. ಆದರೆ ಮೊದಲ ಮಾತಿಗೇ ಒಪ್ಪುವ ವಂಶ ನಮ್ಮದಲ್ಲ.

ನೀರು ಕೇಳಿದೆ. ಕುಡಿದು, ಯಂತ್ರ ಆರಿಸಿ, ಮೇಲಿನ ಡಿಸ್ಕಿನ ಕೊಂಡಿ ಒತ್ತಿ ಹೊರಗೆಳೆದೆ. ಅದರ ಹೊಳೆಯುವ ಬೆನ್ನಿನ ಮೇಲೆ ದುಂಡಗೆ, ದಟ್ಟವಾಗಿ ಕುಂಕುಮವಿತ್ತು.

ಹೊರಗೆಳೆಯದೆ ಅಲ್ಲಿಗೆ ಕುಂಕುಮ ಹೋಗಲು ಸಾಧ್ಯವಿಲ್ಲ. ನಾನು ತಲೆ ಎತ್ತಿದೆ. ಸಾವಿತ್ರಿ ಬಾಗಿಲ ಕಡೆ ತಿರುಗಿ ಫೋನಿನಲ್ಲಿದ್ದಳು. ಕಾಶವ್ವ ತಮ್ಮ ಕಾಲ ಹೆಬ್ಬೆರಳು ನೋಡುತ್ತಿದ್ದರು. ಆಗ ನನಗೆ ದಸರಾದ ಹಿಂದಿನ ದಿನ ನೆನಪಾಯಿತು. ಖಂಡೇ ನವಮಿ. ನಮ್ಮ ಕಡೆಯವರು ಎಲ್ಲಿದ್ದರೂ ಆ ದಿನ ದುಡಿಯುವ ಸಾಮಾನನ್ನೆಲ್ಲ ತೊಳೆದು ಒರೆಸಿ ದೇವರ ಮುಂದಿಟ್ಟು ಪೂಜೆ ಮಾಡುತ್ತಾರೆ. ನನ್ನ ಪಕ್ಕದ ಅಂಗಡಿಯ ವೆಲ್ಡಿಂಗಿನವನು ಆ ದಿನ ನನ್ನ ಸ್ಕ್ರೂಡ್ರೈವರನ್ನೂ ಒಯ್ದು ಹೂವೇರಿಸಿ ವಾಪಸು ಕೊಡುತ್ತಾನೆ. ಬಿಸ್ಮಿಲ್ಲಾ ಎಂದು ಯಂತ್ರ ತೆರೆಯುವ ನನಗೆ ಆ ಹೂವು ಎಂದೂ ಅಡ್ಡ ಬಂದಿಲ್ಲ.

ಸೊಸೆಯ ಎದುರು ಕೇಳಿದರೆ ಈ ಮುದುಕಿ ಬಾಯಿ ಬಿಡುವುದಿಲ್ಲ, ಬಿಟ್ಟರೆ ಮನೆಯಲ್ಲಿ ನೆಮ್ಮದಿ ಉಳಿಯುವುದಿಲ್ಲ ಎಂದು ಲೆಕ್ಕ ಹಾಕಿದೆ. ಬಾಂದ್ರಾದವಳನ್ನು ಫೋನಿನಲ್ಲಿ ಸಮಾಧಾನ ಮಾಡುವುದಕ್ಕಿಂತ ಹೋಗಿ ಮುಖ ತೋರಿಸುವುದೇ ಮೇಲು, ಕೈಯಲ್ಲೊಂದು ಹಳೆಯ ಬ್ಲೌಸು ಹಿಡಿದುಕೊಂಡು ಹೋಗು ಎಂದು ಸಾವಿತ್ರಿಗೆ ಬುದ್ಧಿ ಹೇಳಿದೆ. ಅವಳು ಒಂದೂ ಎದುರು ಮಾತಾಡದೆ ಚೀಲ ಹೆಗಲಿಗೇರಿಸಿ ಹೊರಟಳು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಕೆಲಸದವರನ್ನೂ ಊಟಕ್ಕೆ ಕಳಿಸಿ, ಸ್ಟೂಲಿನ ಪಕ್ಕದಲ್ಲಿ ನೆಲದ ಮೇಲೆ ಕೂತೆ.

"ಆಯಿ, ಇವನ್ನ ಹೊರಗ ತಗದಿದ್ರೇನು?"

ಕಾಶವ್ವ ಬಾಗಿಲ ಕಡೆ ನೋಡಿದರು. "ಸಾವಿತ್ರಿಗೆ ಹೇಳ್ತಿ?"

"ಇಲ್ರಿ."

"ಆಣಿ ಮಾಡು."

ಮಾಡಿದೆ. ಆಮೇಲೆ ಮಾತು ತಡೆಯಿಲ್ಲದೆ ಬಂತು. "ಕತ್ರಿಗೆ ಮಾಡಿದೆ, ಸೂಜಿಗೆ ಮಾಡಿದೆ, ಮಷೀನಿಗೆಲ್ಲಾ ಮಾಡಿದೆ. ಈ ಡಬ್ಬಿ ಮ್ಯಾಲೆ ಕುಂಕುಮ ಹಚ್ಚಿಬಿಟ್ರ ಒಳಗಿದ್ದವಕ್ಕ ಮುಟ್ಟತೈತೇನು ಶಮೀಮವ್ವಾ? ನನ್ನ ಆನಿ, ನವಿಲು ಎಲ್ಲಾ ಒಳಗ ಅದಾವಂತ ಆಕಿನ ಹೇಳ್ಯಾಳ."

"ಅವು ಹೊರಗ ಬರ್ತಾವಂತ ನಿಮಗ ಹೆಂಗ ಗೊತ್ತಾತು?"

"ನೀನ ತೋರಿಸಿದ್ದೆಲ್ಲ, ತಂದ ದಿನ. ಕೊಂಡಿ ಒತ್ತಿದ್ರ ಸಣ್ಣ ಕೂಸೂ ತಗೀತೈತಿ ಅಂದಿದ್ದಿ."

ಹೌದು, ಅಂದಿದ್ದೆ. ಮಾಲು ಮಾರುವಾಗ ಏನೆಲ್ಲ ಅನ್ನುತ್ತೇವೆ. ರಜೆಯೆಂದು ಸರ್ವರನ್ನು ಆರಿಸಿಟ್ಟಿದ್ದರಿಂದ ಅಷ್ಟಾದರೂ ಉಳಿದಿತ್ತು. ನಾಲ್ಕೂ ಡಿಸ್ಕುಗಳನ್ನು ಒಂದೊಂದಾಗಿ ಎಳೆದು ನೋಡಿ, ಮತ್ತೆ ಅಲ್ಲಲ್ಲೇ ಇಟ್ಟೆ. ಮೇಲಿನದರಲ್ಲಿ ಕುಂಕುಮ ದಟ್ಟ, ಅದರ ಕೆಳಗಿನದರಲ್ಲಿ ಸ್ವಲ್ಪ ತೆಳು, ಇನ್ನೂ ಕೆಳಗೆ ಇನ್ನೂ ತೆಳು, ತಳದ್ದರಲ್ಲಿ ಬರೀ ನೆರಳು.

"ಒಂದ ಸಲ ಅದ್ದಿ ನಾಕಕ್ಕೂ ಹಚ್ಚಿದ್ರೇನು?"

"ಮತ್ತ? ನಾಕ ಸಲ ಅದ್ದಾಕ ಕುಂಕುಮ ಪುಕ್ಕಟೆ ಬರತೈತೇನು?"

ಈ ಹೆಂಗಸು ವ್ಯಾಪಾರಕ್ಕಿಳಿದಿದ್ದರೆ ನನ್ನ ಅಂಗಡಿ ಮುಚ್ಚುತ್ತಿತ್ತು ಅನ್ನಿಸಿತು. ಆದರೆ ನನ್ನ ಒಗಟು ಇನ್ನೂ ಬಿಗಿಯಾಯಿತು. ಕುಂಕುಮದ ಪ್ರಕಾರ ಕ್ರಮ ಸರಿಯಾಗಿಯೇ ಇತ್ತು. ಮೇಲಿನದು ಮೊದಲು, ತಳದ್ದು ಕೊನೆಗೆ. ತೆಗೆದ ಹಾಗೆಯೇ ಇಟ್ಟಿದ್ದೇನೆ ಎಂದು ಕಾಶವ್ವನೂ ಹೇಳುತ್ತಿದ್ದರು. ಹಾಗಿದ್ದರೆ ಯಂತ್ರಕ್ಕೆ ಇವು ಅಪರಿಚಿತವಾದದ್ದು ಹೇಗೆ? ಇನ್ನಷ್ಟು ಕೇಳಿ ಪ್ರಯೋಜನವಿರಲಿಲ್ಲ. ಕೈ ಮಾಡಿದ್ದನ್ನು ಬಾಯಿ ಬೇರೆ ಥರವೇ ಹೇಳುತ್ತದೆ. ಅಮ್ಮನೂ ಗಿರಾಕಿಗಳ ಮಾತು ಬಿಟ್ಟು ಕೈ ನೋಡುತ್ತಿದ್ದಳು, ಯಾವ ಪಾತ್ರೆಯ ಮೇಲೆ ಬೆರಳು ನಿಲ್ಲುತ್ತದೆ ಎಂದು.

"ಆಯಿ, ಅವತ್ತು ಮಾಡಿದಂಗ ಇನ್ನೊಮ್ಮೆ ಪೂಜಿ ಮಾಡ್ರಿ. ನಾ ನೋಡ್ತೀನಿ."

ಅವರಿಗೆ ಇದು ವಿಚಿತ್ರವೆನಿಸಲಿಲ್ಲ. ಕೈಕಾಲು ತೊಳೆದು, ತಲೆಯ ಮೇಲೆ ಸೆರಗು ಹೊದ್ದು, ಮಣೆ ತಂದರು. ಕರ್ಪೂರ ಹಚ್ಚುವುದಾಗಿ ಹೇಳಿದರು. ಬೇಡ ಅಂದೆ. ಹಾಗಾದರೆ ಊದಿನಕಡ್ಡಿ ಅಂದರು. ಕೊನೆಗೆ ಹಚ್ಚದ ಊದಿನಕಡ್ಡಿಗೆ ಇಬ್ಬರೂ ಒಪ್ಪಿದೆವು.

ಕಾಶವ್ವ ಸರ್ವರಿನ ಮುಂದೆ ನೆಲದ ಮೇಲೆ ಕೂತರು. ಕೂತಲ್ಲಿಂದ ಅವರ ಕೈ ಹೋದದ್ದು ಎಲ್ಲಕ್ಕಿಂತ ಕೆಳಗಿನ ಡಿಸ್ಕಿಗೆ. ತಳದ್ದನ್ನು ಮೊದಲು ತೆಗೆದು ಮಣೆಯ ಮೇಲಿಟ್ಟರು. ಆಮೇಲೆ ಅದರ ಮೇಲಿನದು, ಆಮೇಲೆ ಇನ್ನೂ ಮೇಲಿನದು, ಕೊನೆಗೆ ತುದಿಯದು. ಇಟ್ಟ ಕ್ರಮದಲ್ಲೇ ಉಂಗುರ ಬೆರಳಿನಿಂದ ಮುಟ್ಟಿ, ಕೈಮುಗಿದರು. ನಂತರ ಮಂಡಿಗೆ ಕೈಯೂರಿ ಎದ್ದು, ಮಣೆಯನ್ನು ಎತ್ತಿ ಮೇಜಿನ ಮೇಲಿಟ್ಟರು. ಈಗ ನಿಂತಿದ್ದರು. ನಿಂತವರ ಕೈಗೆ ಮೊದಲು ಸಿಗುವುದು ಮೇಲಿನ ಖಾನೆ. ಮೊದಲು ತೆಗೆದದ್ದನ್ನು ಮೊದಲು, ಮೇಲಿನ ಖಾನೆಗೆ ಇಟ್ಟರು. ಹಾಗೆಯೇ ಕೆಳಗಿಳಿಯುತ್ತಾ ಬಂದರು.

"ನೋಡು, ತಗದಂಗನ ಇಟ್ಟೀನಿ" ಅಂದರು.

ತೆಗೆಯುವಾಗ ಕೂತಿದ್ದರು, ಇಡುವಾಗ ನಿಂತಿದ್ದರು. ಇಷ್ಟೇ. ನಾಲ್ಕೂ ಡಿಸ್ಕುಗಳ ಕ್ರಮ ಖಂಡೇ ನವಮಿಯ ದಿನ ತಲೆಕೆಳಗಾಗಿತ್ತು. ಈಗ ಅದೇ ತಪ್ಪನ್ನು ಅದೇ ಭಕ್ತಿಯಿಂದ ಇನ್ನೊಮ್ಮೆ ಮಾಡಿದ್ದರಿಂದ ಎಲ್ಲವೂ ತಮ್ಮ ತಮ್ಮ ಮನೆಗೆ ಮರಳಿದ್ದವು. ನಾನು ಬೆರಳು ಕೂಡ ತಾಗಿಸಬೇಕಾಗಿರಲಿಲ್ಲ. ಯಂತ್ರ ಚಾಲೂ ಮಾಡಿದೆ. ಫ್ಯಾನು ಕೂಗಿತು, ಕಾರ್ಡು ನಾಲ್ಕನ್ನೂ ಎಣಿಸಿತು, ಎಚ್ಚರಿಕೆ ಬರಲಿಲ್ಲ.

"ಮೊದಲನೇ ಪೂಜಿದಾಗ ಏನೋ ಕೊರತಿ ಆಗಿತ್ತು" ಅಂದರು ಕಾಶವ್ವ. ನಾನೂ ಹೂಂ ಅಂದೆ. ಕಣ್ಣಾರೆ ಕಂಡದ್ದೂ ಹಾಗೆಯೇ ಇತ್ತಲ್ಲ.

ಆಮೇಲೆ ಕೊರಳಿನ ಪೆನ್ ಡ್ರೈವ್ ತೆಗೆದು ಲಿನಕ್ಸ್ ಹಾಕಲು ಕೂತೆ. ಇಲ್ಲಿ ಓದುಗರು ಗಮನವಿಡಬೇಕು. ಎಲ್ಲಿ ಹಾಕಲಿ ಎಂದು ಅದು ಕೇಳಿದಾಗ, 'ಎಲ್ಲ ಅಳಿಸಿ ಹಾಕು' ಎಂಬುದನ್ನೇ ಮುಂದೆ ಮಾಡಿರುತ್ತದೆ, ಅಂಗಡಿಯವನು ಮಾರಬೇಕಾದ ಸೀರೆಯನ್ನು ಮೇಲೆಯೇ ಇಟ್ಟಿರುವಂತೆ. ಅದನ್ನು ದಾಟಿ ಕೆಳಗೆ ಹೋಗಿ, ನಾವೇ ಆರಿಸುವ ದಾರಿ ಹಿಡಿಯಬೇಕು. ನಾನು ತಂದ ಸಣ್ಣ ಡಿಸ್ಕಿನ ಹೆಸರು, ಅಳತೆ ಎರಡನ್ನೂ ಓದಿದೆ, ಎದ್ದು ಒಂದು ಸುತ್ತು ಹಾಕಿ ಬಂದು ಮತ್ತೆ ಓದಿದೆ. ಆನೆಗಳಿರುವ ದೊಡ್ಡದನ್ನು ಮುಟ್ಟಬೇಡವೆಂದು ಹೇಳಿದೆ. ಆಮೇಲೆಯೇ ಹೂಂ. ಪರದೆಯ ಮೇಲೆ ಪಟ್ಟಿ ತುಂಬುತ್ತಾ ಹೋಗುವಾಗ ಕಾಶವ್ವ ಒಲೆಯ ಮೇಲಿನ ಹಾಲು ಕಾಯುವವರಂತೆ ಕಣ್ಣು ತೆಗೆಯದೆ ಕೂತಿದ್ದರು. ಮುಗಿದು, ಯಂತ್ರ ಹೊಸದಾಗಿ ಎದ್ದು, ಫ್ಯಾನಿನ ಸದ್ದು ಇಳಿದ ಮೇಲೆ ನಾನು ಮಾಡಿದ ಮೊದಲ ಕೆಲಸ ಎಲ್ಲ ನಮೂನೆಗಳ ಇನ್ನೊಂದು ಪ್ರತಿಯನ್ನು ಹೊರಗಿನ ಡಿಸ್ಕಿಗೆ ತೆಗೆದದ್ದು. ಎರಡನೆಯದು ಆನೆಯನ್ನು ತೆರೆದು ಪರದೆ ತುಂಬ ತೋರಿಸಿದ್ದು.

ಕಾಶವ್ವ ಹತ್ತಿರ ಬಂದು ಆನೆಯ ಸೊಂಡಿಲಿನ ಗುಂಟ ಬೆರಳಾಡಿಸಿದರು. "ಇಲ್ಲೊಂದು ಎಳಿ ತಪ್ಪೈತಿ" ಅಂದರು. "ಅವತ್ತ ಹೇಳಬೇಕಂತಿದ್ದೆ ಆಕಿಗೆ."

ಸಾವಿತ್ರಿ ಬಂದದ್ದು ಆಗಲೇ. ಬಾಗಿಲಲ್ಲಿ ನಿಂತು ಪರದೆ ನೋಡಿದಳು, ಅತ್ತೆಯನ್ನು ನೋಡಿದಳು. ಕಾಶವ್ವನ ಬೆರಳು ಪರದೆಯ ಮೇಲೇ ನಿಂತುಬಿಟ್ಟಿತು. ಏನಾಗಿತ್ತು ಎಂದು ಅವಳು ಕೇಳುವ ಮೊದಲೇ ಹೇಳಲು ನಾನೊಂದು ಸುಳ್ಳು ಸಿದ್ಧಮಾಡಿಕೊಂಡಿದ್ದೆ, ಒಳಗಿನ ವೈರು ಸಡಿಲವಾಗಿತ್ತೆಂದು. ಅವಳು ನನಗೆ ಬಾಯಿ ತೆರೆಯಲು ಬಿಡಲಿಲ್ಲ.

"ವೋಲ್ಟೇಜ್ ಹೆಚ್ಚುಕಮ್ಮಿ ಆಗಿತ್ತಲ್ಲಕ್ಕ? ನನಗ ಅವತ್ತ ಅನ್ನಿಸಿತ್ತು" ಅಂದಳು. ಅಂದು ನನ್ನ ಕಣ್ಣಿನಲ್ಲಿ ಕಣ್ಣಿಟ್ಟಳು.

"ಹೌದು, ವೋಲ್ಟೇಜು" ಅಂದೆ.

ಕಾಶವ್ವ ಬೆರಳು ತೆಗೆದರು. ಸೆರಗು ಸರಿಮಾಡಿಕೊಂಡು ದನಿಯೇರಿಸಿದರು. "ನಾ ಬಡಕೋತಿದ್ನಿಲ್ಲ? ಇಲ್ಲಿ ಕರೆಂಟ್ ನಂಬಬ್ಯಾಡ ಅಂತ. ಹಿರ್ಯಾರ ಮಾತು ಯಾರು ಕೇಳ್ತಾರ."

"ತಪ್ಪಾತ್ರಿ ಅತ್ತಿ. ಇನ್ನ ಮ್ಯಾಲೆ ನೋಡ್ಕೊಂತೀನಿ" ಅಂದಳು ಸಾವಿತ್ರಿ.

ನನ್ನನ್ನು ಗಲ್ಲಿಯ ತುದಿಯವರೆಗೆ ಬಿಡಲು ಬಂದಳು. ನಿನಗೆ ಗೊತ್ತಿತ್ತೇ ಎಂದು ಕೇಳಿದೆ. ಗಾಲಾ ತೆರೆದ ದಿನವೇ ಒಂದು ಡಿಸ್ಕು ಎಳೆದು ಕುಂಕುಮ ನೋಡಿದ್ದಳಂತೆ. ಒರೆಸಲು ಕೈ ಹೋಗಿ, ಶಮೀಮಕ್ಕ ನೋಡಿದರೆ ಏನಾದರೂ ತಿಳಿದೀತೆಂದು ಹಾಗೆಯೇ ಬಿಟ್ಟಳಂತೆ. ಅತ್ತೆಯನ್ನೇ ಕೇಳಬಹುದಿತ್ತಲ್ಲ ಅಂದೆ.

"ಏನಂತ ಕೇಳ್ಲಿ? ಈ ಗಾಲಾ ನಿಂತದ್ದ ಅವರ ಕೈ ಮ್ಯಾಲೆ. ಈಗ ಆ ಕೈಯಿಂದ ಏನೂ ಆಗವಲ್ದು ಅಂತ ದಿನಾ ಕೊರಗ್ತಾರ. ನಿಮ್ಮಿಂದನ ಎಲ್ಲಾ ಹೋತು ಅನ್ನೂದೇನು ಅವರಿಗೆ? ನಾ ಅಲ್ಲೇ ಇದ್ರ 'ನಾ ಮುಟ್ಟಿಲ್ಲ' ಅಂತಿದ್ರು. ಅದಕ್ಕ ಬಾಂದ್ರಾಕ್ಕ ಹೋಗಬೇಕಂತ ಚೀಲ ತುಂಬಿ ಇಟ್ಟಿದ್ದೆ. ನೀವ ಹೋಗಂದ್ರಿ, ಚಲೋ ಆತು."

ಇಷ್ಟು ವರ್ಷ ಎಂಥೆಂಥ ಆಫೀಸಿನವರ ಜೊತೆ ಕೂತು ಮಾಲು ಎತ್ತಿದ ನನಗೆ, ಆ ಚೀಲ ಮೊದಲೇ ತುಂಬಿದ್ದು ಕಣ್ಣಿಗೆ ಬಿದ್ದಿರಲಿಲ್ಲ.

ಆದರೂ ಸಲಹೆ ಕೊಡದೆ ಬಿಟ್ಟರೆ ನಾನು ನಾನಲ್ಲ. ಮುಂದಿನ ವರ್ಷ ಆ ಯಂತ್ರಕ್ಕೊಂದು ಬೀಗ ಹಾಕು, ಪೂಜೆಗೆ ಕೀಬೋರ್ಡು ಕೊಡು ಅಂದೆ. ಸಾವಿತ್ರಿ ತಲೆಯಾಡಿಸಿದಳು. "ಬೀಗ ಬ್ಯಾಡಕ್ಕ. ಆ ದಿನ ನೀವ ಬರ್ರಿ. ಅವರು ತಗೀಲಿ, ಪೂಜಿ ಮಾಡ್ಲಿ. ಅವರು ಆರತಿ ತರಾಕ ಒಳಗ ಹೋದಾಗ ನೀವು ಇಟ್ಟುಬಿಡ್ರಿ."

ಊಟಕ್ಕೆ ಏನು ಎಂದು ಕೇಳಿದೆ. ಅನ್ನ, ಸಾರು, ಪಾಯಸ ಅಂದಳು. ಪಾಯಸಕ್ಕೆಲ್ಲ ಬರುವವಳಲ್ಲ ನಾನು, ಹೋಳಿಗೆ ಅಂದೆ. ಅಷ್ಟು ಜನಕ್ಕೆ ಹೋಳಿಗೆ ತಟ್ಟುವವರು ಯಾರು ಅಂದಳು. ತಟ್ಟಲು ನಾನು ಬೇಗ ಬರುತ್ತೇನೆ, ಮೇಲೆ ಕಟ್ಟಿನ ಸಾರೂ ಆಗಬೇಕು ಅಂದೆ. ಸ್ಟೇಷನ್ನಿನ ಸೇತುವೆಯವರೆಗೂ ಎಳೆದಾಡಿ, ಹೂರಣ ಮಾತ್ರ ಕಾಶವ್ವನೇ ರುಬ್ಬಿಸಲಿ, ಬೆಲ್ಲ ಅವರೇ ಹಾಕಲಿ ಎಂಬುದಕ್ಕೆ ಇಬ್ಬರೂ ಒಪ್ಪಿದೆವು.